ಸೆರಗಿನ ತೆನೆ ಕಿವಿಗೆ ಬಂದಾಗ

"ಕಿವ್ಯಾಗಿಂದು ತಗಿ ಮೊದಲ!"

ಮದುವೆಯಾಗಿ ನರಗುಂದದ ಗಂಡನ ಮನೆಗೆ ಕಾಲಿಟ್ಟ ಮಾರನೆಯ ದಿನವೇ ಅತ್ತೆ ಹೀಗಂದರು. ಐವತ್ತರ ದಶಕದ ಮಾತು, ನನಗಾಗ ಹದಿನೇಳೋ ಹದಿನೆಂಟೋ...

ಕಿವಿಯಲ್ಲಿದ್ದದ್ದು ನನ್ನದೇ ಡಿಸೈನು!

ಗಜೇಂದ್ರಗಡದ ನಮ್ಮ ಮನೆಯಲ್ಲಿ ಎಲ್ಲರೂ ಮಗ್ಗದವರು. ಸೀರೆಯ ಕೆಂಪು ಸೆರಗಿನಲ್ಲಿ ಬಾಚಣಿಗೆಯ ಹಾಗೆ ಬಿಳಿ ಹಲ್ಲುಗಳು ಸಾಲಾಗಿ ನಿಂತಿರುತ್ತವಲ್ಲ, ಅದಕ್ಕೆ ನಾವು ತೆನಿ ಅನ್ನುತ್ತೇವೆ. ಜೋಳದ ತೆನೆಯ ಹಾಗೆ ಮನೆ ತುಂಬಿರಲಿ ಎಂದು. ಅವ್ವ ಅದನ್ನು ನೇಯುವುದನ್ನು ನೋಡುತ್ತಲೇ ಬೆಳೆದವಳು ನಾನು.

ಮದುವೆ ಗೊತ್ತಾದಾಗ ಅವ್ವನ ಮುರಿದ ಓಲೆಯ ಬಂಗಾರ ಹಿಡಿದು ಓಣಿಯ ಅಕ್ಕಸಾಲಿಗ ಪತ್ತಾರ ಕಾಕಾನ ಹತ್ತಿರ ಹೋದೆ. ಸೆರಗು ಹರವಿ, ಇದರ ಹಾಗೇ ಓಲೆ ಬೇಕು ಅಂದೆ.

"ಸೀರಿ ಉಡೂದು ಬಿಟ್ಟು ಕಿವ್ಯಾಗ ಹಾಕ್ಕೋತಿಯೇನ ಹುಡುಗಿ?" ಎಂದು ನಕ್ಕರು. ಆದರೆ ಅರದಿಂದ ಒಂದೊಂದೇ ಹಲ್ಲು ಉಜ್ಜಿ ಎಷ್ಟು ಚೆಂದ ಮಾಡಿಕೊಟ್ಟರು ಅಂತೀರಿ!

ಅತ್ತೆಯದೂ ಹಿಂದೆ ಮಗ್ಗದ ಮನೆಯೇ. ಬಟ್ಟೆ ಅಂಗಡಿ ಕೈ ಹಿಡಿದ ಮೇಲೆ ಆ ಮಾತೇ ಎತ್ತುವಂತಿರಲಿಲ್ಲ. ಅವತ್ತು ಸಂಜೆ ನನ್ನನ್ನು ನೋಡಲು ಪೇಟೆಯ ದೊಡ್ಡ ಮನೆಗಳ ಹೆಂಗಸರು ಬರುವವರಿದ್ದರು.

"ಮಗ್ಗದ ಗುರುತು ನಾಲ್ಕ ಮಂದಿಗೆ ತೋರ್ಸೂದು ಬ್ಯಾಡ ಯವ್ವಾ."

ಮೈಯೆಲ್ಲ ಉರಿಯಿತು ನನಗೆ. ಅವ್ವನನ್ನೇ ತೆಗೆದಿಡು ಅಂದ ಹಾಗಾಯಿತು!

"ತಗಿಯಂಗಿಲ್ರಿ ಅತ್ತಿ" ಅಂದುಬಿಟ್ಟೆ. ಅಂದವಳೇ ಎರಡೂ ಕಿವಿ ಕೈಯಿಂದ ಮುಚ್ಚಿಕೊಂಡೆ... ಎಷ್ಟಂದರೂ ಹೊಸ ಸೊಸೆ ನೋಡಿ.

ಮೂಲೆಯಲ್ಲಿ ಕೂತಿದ್ದ ಅತ್ತೆಯ ಅತ್ತೆ, ನನ್ನ ಗಂಡನ ಅಜ್ಜಿ, ಹತ್ತಿರ ಕರೆದರು. ಅವರಿಗೆ ಕಣ್ಣು ಮಂಜಾಗಿತ್ತು. ನನ್ನ ಓಲೆಯ ಮೇಲೆ ಬೆರಳಾಡಿಸಿದರು.

"ಅಯ್ಯ ನನ ಮಗಳ... ತೆನಿ! ನಾನೂ ಭಾಳ ನೇಯ್ದೀನಿ ಇದನ್ನ."

ತಮ್ಮ ಒಂದು ಕಿವಿಯ ಮುತ್ತಿನ ಓಲೆ ಬಿಚ್ಚಿ ನನ್ನ ಕೈಗಿಟ್ಟರು. "ಇದು ನೀ ಹಾಕ್ಕೋ. ಒಂದು ತೆನಿ ನನಗ ಹಾಕು."

ಸಂಜೆ ಬಂದವರ ಮುಂದೆ ಇಬ್ಬರೂ ಹಾಗೇ ಕೂತೆವು, ಒಂದು ಕಿವಿಗೆ ತೆನೆ, ಒಂದು ಕಿವಿಗೆ ಮುತ್ತು. ಇದೆಂಥ ಪದ್ಧತಿ ಎಂದು ಯಾರೋ ಕೇಳಿಯೇಬಿಟ್ಟರು.

"ನಾವು ಮಗ್ಗದ ಮಂದಿರಿ. ಆಕಿನೂ, ನಾನೂ" ಅಂದರು ಅಜ್ಜಿ, ಪಡಸಾಲೆಯೆಲ್ಲ ಕೇಳುವ ಹಾಗೆ.

ಅತ್ತೆಯಾದರೂ ತಮ್ಮ ಅತ್ತೆಗೆ ತಗಿ ಅನ್ನುವುದು ಹೇಗೆ? ನನಗಂತೂ ಹೆಮ್ಮೆಯಿಂದ ಕಣ್ಣು ತುಂಬಿತ್ತು.

ಇಂದಿಗೂ ನನ್ನ ಕಿವಿಯಲ್ಲಿ ಅವೇ ಎರಡು ಇವೆ. ಮೊನ್ನೆ ನನ್ನ ಫೋಟೊ ತೆಗೆದ ಮೊಮ್ಮಗಳು, ಅಜ್ಜಿ ಮ್ಯಾಚಿಂಗ್ ಇಲ್ಲ ಅಂತಾಳೆ...

ನೀವೇ ಹೇಳಿ, ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ?