ಫೋಟೋದಲ್ಲಿ ಅಲುಗಾಡಿದವರು

ಕಳೆದ ಶನಿವಾರ ನಾನು ಒಬ್ಬರ ತಾಯಿಯನ್ನು ‘ಬೇಡ’ ಎಂದು ಬರೆದ ಪೆಟ್ಟಿಗೆಗೆ ಹಾಕಿಬಿಟ್ಟೆ.

ಸ್ಯಾನ್ ಹೊಸೆಯ ಲೈಬ್ರರಿಯೊಂದರಲ್ಲಿ ನಾನು ವಾಲಂಟಿಯರು. ಕಳೆದ ಶತಮಾನದ ಆರಂಭದಲ್ಲಿ ಈ ಊರು ಬೆಳೆಯುತ್ತಿದ್ದಾಗ ತೆಗೆದ ಫೋಟೋಗಳನ್ನು ವಿಂಗಡಿಸುವುದು ಕೆಲಸ. ಟ್ರಾಮು, ಹೊಸ ಬ್ಯಾಂಕು, ತೋಟ ಕಡಿದು ಎಬ್ಬಿಸಿದ ಮನೆಗಳು. (ಒಂಬತ್ತು ಶನಿವಾರಕ್ಕೆ ನಾನೂರ ಹನ್ನೆರಡು ಫೋಟೋ. ಲೆಕ್ಕ ಇಡದಿದ್ದರೆ ನನಗೆ ಸಮಾಧಾನವಿಲ್ಲ.) ಸ್ಪಷ್ಟವಾದವು ಸ್ಕ್ಯಾನ್ ಆಗಿ ಸಿ.ಡಿ. ಸೇರುತ್ತವೆ. ಮಸುಕಾದವು ಗೋಡೌನಿಗೆ. ಅಲ್ಲಿಗೆ ಹೋದದ್ದನ್ನು ಯಾರು ಮತ್ತೆ ತೆಗೆದು ನೋಡುತ್ತಾರೆ?

ಮೂರು ವಾರದಿಂದ ರೋಸ್ ಎಂಬ ಎಂಬತ್ತು ದಾಟಿದ ಅಜ್ಜಿ ಬಂದು, ನಾನು ಆರಿಸಿದ ಫೋಟೋಗಳಲ್ಲಿ ತಮ್ಮ ತಾಯಿಯನ್ನು ಹುಡುಕುತ್ತಿದ್ದರು. ರೋಸ್‌ಗೆ ಎರಡು ವರ್ಷವಿದ್ದಾಗ ತೀರಿಕೊಂಡಾಕೆ. ಇಲ್ಲಿನ ಹಣ್ಣಿನ ಕಾರ್ಖಾನೆಯಲ್ಲಿ ಏಪ್ರಿಕಾಟ್ ಕತ್ತರಿಸುತ್ತಿದ್ದರಂತೆ. ಮನೆಯಲ್ಲಿ ಒಂದು ಫೋಟೋವೂ ಇಲ್ಲ. ಗೊತ್ತಿರುವುದು ಅಣ್ಣ ಹೇಳಿದ್ದಷ್ಟೇ: ಅಮ್ಮ ಎಡಚಿ. ಪಕ್ಕದವರಿಗೆ ಮೊಣಕೈ ತಾಗದಿರಲೆಂದು ಬೆಂಚಿನ ತುದಿಗೆ ಕೂರಿಸುತ್ತಿದ್ದರು.

ಕಳೆದ ಶನಿವಾರ ನನ್ನ ಜೊತೆ ಧಾರವಾಡದಿಂದ ಬಂದಿರುವ ದೊಡ್ಡವ್ವ ಇದ್ದಳು. (ಮಿಲ್ಪಿಟಾಸಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಎಷ್ಟು ಹೊತ್ತು ಕೂತಾಳು?) ಸುಮ್ಮನಿರಲಾರದೆ ‘ಬೇಡ’ ಪೆಟ್ಟಿಗೆಗೆ ಕೈ ಹಾಕಿದಳು.

“ಏ ತಂಗಿ, ಈಕಿನ್ನ ನೋಡು. ಎಲ್ಲಾರೂ ಫೋಟೋಕ್ಕ ಮಾರಿ ಕೊಟ್ಟು ಕುಂತಾರ. ಈಕಿ ಒಬ್ಬಾಕಿ ಹಣ್ಣು ಕೊಯ್ಯೂದು ಬಿಟ್ಟಿಲ್ಲ.”

“ಮಾರಿನ ಕಾಣಂಗಿಲ್ಲ ದೊಡ್ಡವ್ವ, ಬಿಡು.”

“ಅಲುಗಾಡಿದ್ರ ಹೆಂಗ ಕಾಣತೈತಿ? ಅದೂ ಎಡಗೈಲೆ ಕೊಯ್ಯಾಕತ್ತಾಳ.”

ನನ್ನ ಪೆನ್ನು ನಿಂತಿತು. ಹಣ್ಣಿನ ಕಾರ್ಖಾನೆ. ಬೆಂಚಿನ ತುದಿ. ಎಡಗೈಯಲ್ಲಿ ಚಾಕು. ಮುಖವಿರಬೇಕಾದಲ್ಲಿ ಬರೀ ಬಿಳಿ ಮಸುಕು. ಆ ಫೋಟೋ ನನ್ನ ಕೈ ದಾಟಿಯೇ ಹೋಗಿತ್ತು. ನಾನು ನೋಡಿದ್ದು ಮುಖಗಳನ್ನು ಮಾತ್ರ.

ಅಂದೂ ಬಂದಿದ್ದ ರೋಸ್ ಕೈಗೆ ಫೋಟೋ ಕೊಟ್ಟೆ. ಭೂತಗನ್ನಡಿ ಹಿಡಿದು ಹನ್ನೊಂದು ನಿಮಿಷ ನೋಡಿದರು.

“ಅವರೇನಾ?” ಎಂದೆ.

“ಗೊತ್ತಿಲ್ಲ ಮಗು. ಖಾತ್ರಿಯಾಗಿ ಹೇಳೋರು ಈಗ ಯಾರೂ ಉಳಿದಿಲ್ಲ,” ಎಂದರು. ಆಮೇಲೆ ಮೆಲ್ಲಗೆ, “ಆದರೆ ಅಮ್ಮ ಕೆಲಸ ಮಾಡೋದನ್ನ ಇವತ್ತೇ ನೋಡಿದ್ದು.”

“ಏನಂತಾಳ?” ದೊಡ್ಡವ್ವ ಕೇಳಿದಳು. ಹೇಳಿದೆ.

“ಅವ್ವ ಅಂದ್ರ ಹಂಗ. ಕುಂದ್ರು ಅಂದ್ರ ಸುಮ್ಮನ ಕುಂದರತಾಳೇನು?” ಎಂದು ರೋಸ್ ಅವರ ಬೆನ್ನು ಸವರಿದಳು. ರೋಸ್ ತಲೆಯಾಡಿಸಿದರು, ಕನ್ನಡ ಪೂರ್ತಿ ತಿಳಿದವರಂತೆ.

ಫೋಟೋ ಸ್ಕ್ಯಾನಿಗೆ ಹೋಯಿತು. ಒಂದು ಪ್ರತಿ ರೋಸ್ ಮನೆಗೆ. ‘ಬೇಡ’ ಪೆಟ್ಟಿಗೆಯ ಉಳಿದ ಅರವತ್ತೆರಡನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದೇನೆ.

ಕ್ಯಾಮೆರಾದ ಮುಂದೆ ಅಲುಗದೆ ನಿಲ್ಲಲು ಪುರುಸೊತ್ತಿದ್ದವರೇ ಈ ಊರು ಕಟ್ಟಿದರೆಂದು ನನಗೆ ಹೇಳಿದವರಾದರೂ ಯಾರು?