ಗಂಟಿನ ಮೇಲೆ ಹಾದ ಎಳೆ

ಮೊದಲು ಬಂದದ್ದು ಬಾಯಾರಿಕೆ. ಅಲ್ಲ, ಗಂಟು. ನನ್ನ ಹೆಂಡತಿ ನಾಗಮ್ಮನನ್ನು ಕೇಳಿದರೆ ಎರಡೂ ಅಲ್ಲ, ಇರುವೆ ಅನ್ನುತ್ತಾಳೆ. ಹಿತ್ತಲಲ್ಲಿ ನಾನು ಮೂತ್ರಕ್ಕೆ ಕೂತೆದ್ದ ಜಾಗಕ್ಕೆ ಇರುವೆ ಸಾಲುಗಟ್ಟಿದ್ದನ್ನು ಕಂಡವಳು ಅವಳೇ. ಕಳೆದ ವರ್ಷದ ಮಾತು. ಕತೆ ಆಗಲೇ ಮೂರು ಬಗೆಯಾಗಿದೆ.

ಒಂದು ಗೇಣು ನೇಯುವಷ್ಟರಲ್ಲಿ ನಾಲ್ಕು ಸಲ ಮಗ್ಗದ ಗುಂಡಿಯಿಂದ ಮೇಲೇಳುತ್ತಿದ್ದೆ. ಕೊಡ ನೀರು ಕುಡಿದರೂ ನಾಲಗೆ ಒಣ ಬೆಂಡು. ಮುಂಗೈ ಮೇಲೆ ಹುರುಳಿ ಕಾಳಿನಂಥ ಗಂಟುಗಳು ಎದ್ದವು. ಆಮೇಲೆ ಕೆನ್ನೆಗೆ, ಮೂಗಿಗೆ. ನೋವಿಲ್ಲ, ತುರಿಕೆಯಿಲ್ಲ. ನೇರಳೆ ಬಣ್ಣ. ರೇಷ್ಮೆಗೆ ಹಾಕಿದ ಬಣ್ಣವೇ ಚರ್ಮಕ್ಕೆ ಇಳಿದಿದೆ ಅಂದುಕೊಂಡು ಸೀಗೆಪುಡಿ ಹಾಕಿ ಉಜ್ಜಿದೆ. ನೇಕಾರ ಇನ್ನೇನು ಅಂದುಕೊಂಡಾನು?

ಮೊಳಕಾಲ್ಮೂರಿನ ನಮ್ಮ ಕೇರಿಯವರು ಬೇರೆ ಅಂದುಕೊಂಡರು.

ಕುಷ್ಠ.

ಹಾಸಿನ ಉದ್ದೆಳೆಗಳನ್ನು ಬೀದಿಯಲ್ಲಿ ಚಾಚಲು ಐದಾರು ಮನೆಯವರ ಕೈ ಬೇಕು. ಆ ಸಲ ನನ್ನ ಹಾಸು ಹಿಡಿಯಲು ಯಾರೂ ಬರಲಿಲ್ಲ. ಕೇರಿಯ ಹಿರಿಯ ಯಜಮಾನರನ್ನು ಎಲ್ಲರೂ ತೆಲುಗಿನಂತೆ ಪೆದ್ದಯ್ಯ, ಅಂದರೆ ದೊಡ್ಡಯ್ಯ, ಅನ್ನುತ್ತೇವೆ. ಅವರು ಹೊಸ್ತಿಲಾಚೆಯೇ ನಿಂತು, ಅಮಾವಾಸ್ಯೆಯೊಳಗೆ ನಾನು ಊರಾಚೆ ಗುಡಿಸಲು ಹಾಕಿಕೊಳ್ಳಬೇಕೆಂದರು. ನಾಗಮ್ಮ ಜೊತೆಗೆ ಹೋದರೆ ಅವಳಿಗೂ ಕೇರಿಯಿಲ್ಲ. ಅವಳು ಬಾಗಿಲ ಮರೆಯಿಂದ ತೆಲುಗಿನಲ್ಲಿ ಏನೋ ಅಂದಳು. ಏನೆಂದು ಈಗ ಕೇಳಿದರೆ ನಗುತ್ತಾಳೆ.

ಗಾಡಿ ಕಟ್ಟಿಸಿಕೊಂಡು ಚಳ್ಳಕೆರೆಗೆ ಹೊರಟೆವು. ದಾರಿಯ ಪ್ರತಿ ಜಾಲಿ ಮರದ ಪರಿಚಯವೂ ನನಗಾಯಿತು.

ಆಸ್ಪತ್ರೆಯ ಡಾಕ್ಟರು ಗಂಟುಗಳನ್ನು ಸೂಜಿಯಿಂದ ಚುಚ್ಚಿದರು, ಹತ್ತಿಯಿಂದ ಸವರಿದರು. ಪ್ರತಿ ಸಲ ಮುಟ್ಟಿದ್ದು ತಿಳಿಯಿತು. ಆಮೇಲೆ ನನ್ನ ಮೂತ್ರವನ್ನು ನೀಲಿ ಔಷಧದೊಡನೆ ಗಾಜಿನ ಕೊಳವೆಯಲ್ಲಿ ಕುದಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಗೆಂಪಾಯಿತು! ಅಂಥ ಕೆಂಪಿಗಾಗಿ ನಾವು ಬಣ್ಣದ ಬಾನಿಯ ಮುಂದೆ ಎಷ್ಟು ಹೆಣಗುತ್ತೇವೆ. ಇನ್ನೊಂದು ಸಲ ಮಾಡಿ ತೋರಿಸಿ ಅಂದೆ.

"ಡಯಾಬಿಟೀಸ್ ಕಣಪ್ಪ. ಹಿಗ್ಗೋ ಅಂಥಾದ್ದಲ್ಲ," ಅಂದರು.

ಗಂಟು ಕುಷ್ಠವಲ್ಲವಂತೆ. ಇಂಥವಕ್ಕೆ ಸಾರ್ಕಾಯ್ಡ್ ಎಂಬ ಹೊಸ ಹೆಸರನ್ನು ವಿಲಾಯಿತಿಯ ಪುಸ್ತಕದಲ್ಲಿ ಓದಿದ್ದರಂತೆ. ಸಕ್ಕರೆಗೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಗೊತ್ತಿಲ್ಲ ಅನ್ನುವ ವೈದ್ಯರನ್ನು ನಾನು ಅದೇ ಮೊದಲು ಕಂಡದ್ದು, ಹಾಗಾಗಿ ಉಳಿದ ಮಾತನ್ನೂ ನಂಬಿದೆ. ಅನ್ನ, ಬೆಲ್ಲ ಬಿಡಿಸಿ, ಕುಷ್ಠವಲ್ಲವೆಂದು ಚೀಟಿ ಬರೆದುಕೊಟ್ಟರು.

ಊರಿಗೆ ಮರಳಿದಾಗ ಪೆದ್ದಯ್ಯ ಚೀಟಿ ಮುಟ್ಟಲಿಲ್ಲ. ಕಾಗದ ಏನು ಬೇಕಾದರೂ ಹೇಳುತ್ತದೆ ಅಂದರು. ಕುಷ್ಠ ಹಿಡಿದ ಚರ್ಮಕ್ಕೆ ಸ್ಪರ್ಶ ತಿಳಿಯದು ಎಂಬುದನ್ನು ಮಾತ್ರ ಒಪ್ಪಿದರು. ನಾಗಮ್ಮ ಒಳಗೆ ಹೋಗಿ ಎರಡು ರೇಷ್ಮೆ ಎಳೆ ತಂದಳು. ಹುರಿ ಹಾಕಿದ್ದು ಹಾಸಿನದು, ಹುರಿಯಿಲ್ಲದ್ದು ಅಡ್ಡ ನೇಯುವ ಹೊಕ್ಕಿನದು.

"ಇದ್ರಾಗೆ ನೋಡ್ರಿ ಪೆದ್ದಯ್ಯ. ಸೂಜಿ ಚುಚ್ಚಿದ್ರೆ ಎಮ್ಮೆಗೂ ಗೊತ್ತಾಗ್ತೈತೆ."

ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಎಳೆಗಳನ್ನು ಪೆದ್ದಯ್ಯನವರ ಕೈಗೆ ಕೊಟ್ಟಳು. ಅಂಗಳದಲ್ಲಿ ಹತ್ತು ಜನ ಸೇರಿದ್ದರೋ ಐವತ್ತೋ, ಕಣ್ಣು ಕಟ್ಟಿದವನಿಗೆ ಹೇಗೆ ಗೊತ್ತಾಗಬೇಕು? ಮುಂಗೈ ಗಂಟಿನ ಮೇಲೆ ಎಳೆ ಹಾಯಿತು. ಹಾಸಿನದು, ಅಂದೆ. ಮತ್ತೆ ಹಾಯಿತು. ಹೊಕ್ಕಿನದು. ಆಮೇಲೆ ಏನೂ ಇಲ್ಲ. ಖಾಲಿ ಕೈ ಆಡಿಸಬೇಡಿ ಅಂದೆ. ಯಾರೋ ಕಿಸಕ್ಕೆಂದರು.

ಕೆನ್ನೆಯ ಗಂಟಿಗೆ ಏನೋ ಒರಟಾಗಿ ತಾಗಿತು.

"ಇದು ರೇಷ್ಮೆ ಅಲ್ಲ ಪೆದ್ದಯ್ಯ. ನಿಮ್ಮ ಮೀಸೆ."

ಕಣ್ಣು ಮಂಜಾದ ಮುದುಕರು ಗಂಟು ನೋಡಲು ಅಷ್ಟು ಹತ್ತಿರ ಬಗ್ಗಿದ್ದರು. ಅಂಗಳವೆಲ್ಲ ನಕ್ಕಿತು. ನಾನು ಬಟ್ಟೆ ಕಿತ್ತು ಅವರ ಕೈಯನ್ನೇ ನೋಡಿದೆ. ಮೀಸೆ ಒರೆಸಿಕೊಳ್ಳಲಿಲ್ಲ.

"ನಾಳೆ ಇವನ ಹಾಸು ಚಾಚ್ರಲೇ," ಅಂದರು.

ಗಂಟುಗಳು ಇನ್ನೂ ಇವೆ. ಎರಡು ಚಪ್ಪಟೆಯಾಗಿವೆ, ಒಂದು ಹೊಸದು. ಸಕ್ಕರೆ ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ಎಷ್ಟು ದಿನ ಹೀಗೆಂದು ಡಾಕ್ಟರಿಗೂ ತಿಳಿಯದು. ನನಗೆ ಖಚಿತವಾಗಿ ನೆನಪಿರುವುದು ಆ ಮರುದಿನದ ಬೆಳಗು. ಹಾಸಿನ ತುದಿ ಹಿಡಿದು ಬೀದಿಯಲ್ಲಿ ನಿಂತಿದ್ದೆ. ಮತ್ತೆ ಮೂತ್ರದ ಅವಸರ. ಪಕ್ಕದ ಮನೆಯ ಓಬಯ್ಯ ಬಂದು, ನನ್ನ ಬೆರಳುಗಳ ಮೇಲೆ ಬೆರಳಿಟ್ಟು, ತುದಿ ತೆಗೆದುಕೊಂಡ.

"ಓಡಲೇ. ನಾ ಹಿಡ್ಕಂಡಿರ್ತೀನಿ."

ಓಡಿದೆ.