ಬರ್ತೀನಿ ಅಂತ ಹೋದವನು

ಅಮೆರಿಕದ ಆಶ್‌ಬರ್ನ್‌ನ ಟೌನ್‌ಹೌಸಿನಲ್ಲಿ ಇಡೀ ಹಗಲು ನನಗೆ ಮಾತಿಗೆ ಸಿಗುತ್ತಿದ್ದವರು ಒಬ್ಬರೇ, ಪಕ್ಕದ ಮನೆಯ ಚೀನೀ ಅಂಕಲ್. ತೊಂಬತ್ತರ ಹತ್ತಿರದವರು, ಒಂಟಿಯಾಗಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಡ್ರೈವಿಂಗ್ ಬರುತ್ತಿರಲಿಲ್ಲ. ಗಂಡ ಆಫೀಸಿಗೆ ಹೋದ ಮೇಲೆ ಫ್ರಿಜ್ಜಿನ ಸದ್ದು ಕೇಳುತ್ತಾ ಕೂರಬೇಕು. ಹಾಗಾಗಿ ನಾಲ್ಕು ಗಂಟೆಗೆ ಅವರ ಪೋರ್ಚಿಗೆ ಹೋಗುತ್ತಿದ್ದೆ. ಪಾಪ, ಅವರಿಗಾಗಿ ಹೋಗ್ತೀನಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಶುದ್ಧ ಸುಳ್ಳು.

ಅವರು ಮೂರು ಕಪ್ಪಿಗೆ ಟೀ ಬಗ್ಗಿಸುತ್ತಿದ್ದರು. ಅಂಚು ಮುಕ್ಕಾದದ್ದು ನನ್ನದು. ಹಾಲಿಲ್ಲ, ಸಕ್ಕರೆಯಿಲ್ಲ. ನಾನು ಮುಖ ಹಿಂಡುವುದನ್ನು ನೋಡಿ ನಗುತ್ತಿದ್ದರು. ಮೂರನೆಯದು ಸತ್ತ ಗೆಳೆಯನಿಗೆ.

ಯುದ್ಧಕಾಲದಲ್ಲಿ ಹಾಂಗ್‌ಕಾಂಗ್‌ನಿಂದ ತಪ್ಪಿಸಿಕೊಂಡು, ಬ್ರಿಟಿಷ್ ಸೇನೆ ಸೇರಿ, ಬರ್ಮಾದ ಕಾಡಿನಲ್ಲಿ ಹೇಸರಗತ್ತೆಗಳನ್ನು ಹೊಡೆದುಕೊಂಡು ನಡೆದವರು ಅವರು. ಮಲೇರಿಯಾ ಹಿಡಿದು ಬೆಂಗಳೂರಿನ ಮಿಲಿಟರಿ ಆಸ್ಪತ್ರೆ ಸೇರಿದಾಗ ಪಕ್ಕದ ಮಂಚದಲ್ಲಿ ಮೈಸೂರು ಕಡೆಯ ಸಿಪಾಯಿ. "ಬ್ರಿಟಿಷರಿಗೆ ನಾನು ಚೀನಾದವನು, ಚೀನಾದವರಿಗೆ ಬ್ರಿಟಿಷರ ಕಡೆಯವನು. ಅವನಿಗೆ ಮಾತ್ರ ಬರೀ ಪಕ್ಕದ ಮಂಚದವನು" ಅನ್ನುತ್ತಿದ್ದರು. ಭಾಷೆ ಬಾರದಿದ್ದರೂ ಒಂದು ತಿಂಗಳು ಹರಟೆ ಹೊಡೆದರಂತೆ. ಡಿಸ್ಚಾರ್ಜ್ ಆದ ದಿನ ಮತ್ತೆ ಬರುತ್ತೇನೆಂದು ಮಾತು ಕೊಟ್ಟು ಹೋದವನು ಬರಲೇ ಇಲ್ಲ. ಅಂದರೆ ಸತ್ತೇ ಹೋಗಿರಬೇಕು ಅಂತ ಅವರ ವಾದ.

2011ರ ಬೇಸಿಗೆಯಲ್ಲಿ ಗಂಡನಿಗೆ ದೂರದ ಡರ್ಹಮ್‌ನಲ್ಲಿ ಕೆಲಸ ಸಿಕ್ಕಿತು. "ಅಂಕಲ್‌ಗೆ ಹೇಳಿದ್ಯಾ? ಶನಿವಾರಕ್ಕೆ ಟ್ರಕ್ ಬುಕ್ ಮಾಡಾಯ್ತು" ಅಂತ ದಿನಾ ಕೇಳುತ್ತಿದ್ದ. ಗುರುವಾರ ಹೇಳಿಬಿಡಬೇಕೆಂದೇ ಹೋದೆ. ಹೇಳಲಿಲ್ಲ. ಸೆಖೆ, ಅವರ ಮೊಣಕಾಲು ನೋವು, ಅದೂ ಇದೂ ಮಾತಾಡಿ ಎದ್ದೆ. ಯಾವತ್ತೂ 'ಬೈ' ಅನ್ನುವವಳ ಬಾಯಲ್ಲಿ ಅವತ್ತು ಕನ್ನಡ ಬಂತು. "ಬರ್ತೀನಿ ಅಂಕಲ್."

ಅವರು ಕಪ್ಪನ್ನು ಮೇಜಿನ ಮೇಲಿಟ್ಟರು. "ಏನಂದೆ? ಅವನೂ ಅದನ್ನೇ ಅಂದ. ಬರ್ತೀನಿ. ನರ್ಸನ್ನು ಕೇಳಿದೆ, ಬರುತ್ತೇನೆ ಎಂದರ್ಥ ಅಂದಳು."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ದೊಡ್ಡ ಜಾಣೆ, ಬಿಡಿಸಿ ಹೇಳಿದೆ. "ಅರ್ಥ ಸರಿ ಅಂಕಲ್. ಆದರೆ ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಅನ್ನಬಾರದು, ಅಪಶಕುನ. ಮತ್ತೆಂದೂ ಬರದವರೂ ಬರ್ತೀನಿ ಅಂತಲೇ ಹೋಗೋದು."

"ಹಾಗಾದರೆ ಅವನು ಸತ್ತಿರಲಿಲ್ಲವೇನೋ" ಅಂದರು. ಸಮಾಧಾನವಾಯಿತು ಅಂದುಕೊಂಡೆ. "ಸುಮ್ಮನೆ ಮನೆಗೆ ಹೋದ" ಅಂದಾಗ ಅವರ ಮುಖ ನೋಡಲಾಗಲಿಲ್ಲ. ಮೂರನೆಯ ಕಪ್ಪನ್ನು ಎತ್ತಿಕೊಂಡು, ತಣ್ಣಗಾಗಿದ್ದ ಟೀಯನ್ನು ತಾವೇ ಕುಡಿದು ಮುಗಿಸಿದರು. ಆಮೇಲೆ ಕೇಳಿದರು: "ಈಗ ನೀನು ಹೇಳಿದ್ದು ಯಾವುದು? ಬರುವುದೋ, ಹೋಗುವುದೋ?"

"ಬರೋದೇ" ಅಂದೆ. ನಾಚಿಕೆಗೆಟ್ಟ ಬಾಯಿ.

ಶುಕ್ರವಾರ ಪ್ಯಾಕಿಂಗ್ ನೆಪ ಹೇಳಿಕೊಂಡು ಒಳಗೇ ಉಳಿದೆ. ಶನಿವಾರ ಸಂಜೆ ಟ್ರಕ್ಕು ಮುಂದೆ ಹೋಯಿತು, ಗಂಡ ಕಾರು ಸ್ಟಾರ್ಟ್ ಮಾಡಿದ. ಅಂಕಲ್ ಮನೆಯ ಕಿಟಕಿಯ ಬ್ಲೈಂಡ್ಸ್ ಮುಚ್ಚಿದ್ದವು. ಪೋರ್ಚಿನ ಮೇಜಿನ ಮೇಲೆ ಒಂದೇ ಕಪ್ಪು ಇತ್ತು, ಅಂಚು ಮುಕ್ಕಾದದ್ದು. ಅದರಿಂದ ಇನ್ನೂ ಆವಿ ಏಳುತ್ತಿತ್ತು. ನಾನು ಕಾರು ಹತ್ತಿದೆ.